ಮೈ ಇಳಿಸುವ ಉಪವಾಸ

ಇದು 2002ರ ಮಾತು. ದಬ್ಬೇಘಟ್ಟದ ಮಾಯಣ್ಣ, ಚಿಕ್ಕಗೌರಮ್ಮನವರ ಮಗಳು ನಯನ. ಬಣ್ಣ ಕಪ್ಪು, ಮೈಕಟ್ಟು ಗಟ್ಟಿ. ತೆಂಗಿನಕಾಯಿ ಸುಲಿಯಲು ಕೂತರೆ ಅಪ್ಪನಿಗೆ ಸರಿಸಮ.

ಹೆಣ್ಣು ನೋಡಲು ಬಂದವರು "ಹುಡುಗಿ ದಪ್ಪ" ಎಂದು ಹೇಳಿ ಕಳಿಸಿದರು. ಎರಡು ಸಲ ಹೀಗಾಯಿತು. ಆಮೇಲೆ ನಯನ ವಾರಕ್ಕೆ ಮೂರು ದಿನ ಉಪವಾಸ ಹಿಡಿದಳು. ಮಿಕ್ಕ ದಿನ ಅರ್ಧ ಮುದ್ದೆ.

"ನನ್ ಮಗ್ಳಿಗೆ ಭಾಳ ಭಕ್ತಿ ಕಣ್ರೀ," ಎಂದು ಚಿಕ್ಕಗೌರಮ್ಮ ಭಜನೆ ಸಂಘದಲ್ಲಿ ಹಿಗ್ಗುತ್ತಿದ್ದರು.

ಒಂದು ಶುಕ್ರವಾರ ಅಮ್ಮನ ಗುಡಿಯಲ್ಲಿ ಭಜನೆ. ಎಂದಿನಂತೆ ನಯನಳೇ ಪದ ಎತ್ತಿಕೊಂಡಳು. ಎರಡನೇ ಸಾಲಿಗೇ ಕುಸಿದು ಬಿದ್ದಳು.

ಮುಖಕ್ಕೆ ನೀರು ಚಿಮುಕಿಸಿದ ಮೇಲೆ ಕಣ್ಣು ಬಿಟ್ಟಳು. ಸುದ್ದಿ ತಿಳಿದು ಊರಿನ ಆರೋಗ್ಯ ಕೇಂದ್ರದ ನರ್ಸ್ ಅನುಪಮಾ ಬಂದು ಬೆರಳು ಚುಚ್ಚಿ ರಕ್ತ ಪರೀಕ್ಷೆ ಮಾಡಿದರು. "ಹನ್ನೆರಡು ಗ್ರಾಂ ಇರಬೇಕಾದ ರಕ್ತದಂಶ ಏಳೂವರೆ ಇದೆ. ಊಟ ಬಿಟ್ಟಿದ್ದೀಯೇನಮ್ಮ?"

"ದೇವ್ರ ಉಪವಾಸ ಕಣ್ರೀ ಅದು. ಬ್ಯಾಡ ಅನ್ನಕಾಯ್ತದಾ?" ಚಿಕ್ಕಗೌರಮ್ಮ ಸಿಟ್ಟಾದರು.

ನಯನ ತಲೆ ತಗ್ಗಿಸಿದಳು. "ದೇವ್ರಿಗಲ್ಲ ಕಣವ್ವ. ತೆಳ್ಳಗಾಗ್ಲಿ ಅಂತ. ದೇವ್ರು ಅಂದ್ರೆ ಯಾರೂ ಉಣ್ಣು ಅನ್ನಕಿಲ್ಲ, ಅದ್ಕೆ."

ಸಂಘದ ಹಿರಿಯರಾದ ಭೈರಮ್ಮ ಮೊದಲು ಬಾಯಿಬಿಟ್ಟರು.

"ತಪ್ಪು ನಮ್ದೂ ಐತೆ. ಅಮ್ಮನ ಜಾತ್ರೇಲಿ ತಲೆ ಮೇಲೆ ಹೂವಿನಾರತಿ ಹೊರಕೆ ವರ್ಷಾವರ್ಷ ಬೆಳ್ಳಗೆ, ತೆಳ್ಳಗಿರೋರ್ನೇ ಆರಿಸ್ತೀವಿ. ಇವಳು ಹಾಡಕೆ ಮಾತ್ರ ಬೇಕು. ಮುಂದೆ ಯಾವತ್ತು ನಿಲ್ಸಿದೀವಿ?"

ಪೂಜಾರಿ ವೆಂಕಟಯ್ಯ ತಲೆದೂಗಿದರು. "ಒಳಗಿರೋ ಅಮ್ಮನೇ ಕರೀಕಲ್ಲು, ತುಂಬಿದ ಮೈ. ಎಡೆ ಇಡದೆ ಒಂದಿನಾನೂ ನಾನು ಬಾಗ್ಲು ಹಾಕಿಲ್ಲ. ಅಮ್ಮನಿಗೆ ಉಣ್ಣಕಿಟ್ಟು ಮಗಳ್ನ ಹಸಿಯಕ್ಕೆ ಬುಟ್ರೆ ಅದ್ಯಾವ ಪೂಜೆ?"

ಚಿಕ್ಕಗೌರಮ್ಮನಿಗೆ ಇನ್ನೂ ಅಳುಕು. "ದಪ್ಪಗಿದ್ರೆ ಯಾರು ಒಪ್ತಾರೆ ಸಿಸ್ಟ್ರೇ?"

"ಅವಳು ದಪ್ಪ ಅಲ್ಲಮ್ಮ, ಗಟ್ಟಿ. ಎತ್ತರಕ್ಕೆ ತಕ್ಕ ತೂಕವೇ ಇತ್ತು. ಈಗ ರಕ್ತ ಇಲ್ಲ. ಹೀಗೇ ಮದುವೆಯಾಗಿ ಬಸುರಾದರೆ ತಾಯಿಗೂ ಕೂಸಿಗೂ ಅಪಾಯ," ಎಂದರು ಅನುಪಮಾ.

ಚಿಕ್ಕಗೌರಮ್ಮ ಮಗಳ ಕೈ ಹಿಡಿದುಕೊಂಡರು. "ಏಳವ್ವ, ಮನೇಗ್ ಹೋಗಿ ಉಣ್ಣಾನ."

ಮರುದಿನ ತುರುವೇಕೆರೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆ, ಎರಡು ಹೊತ್ತು ಮುದ್ದೆ, ನುಗ್ಗೆಸೊಪ್ಪಿನ ಸಾರು, ಹುರುಳಿಕಾಳು. ನಾಲ್ಕು ತಿಂಗಳಿಗೆ ರಕ್ತ ಹನ್ನೆರಡಕ್ಕೆ ಬಂತು. ಆ ವರ್ಷ ಹೂವಿನಾರತಿ ಹೊತ್ತು ಎಲ್ಲರ ಮುಂದೆ ನಡೆದವಳು ನಯನ. ಹೊತ್ತುಕೊಂಡೇ ಹಾಡಿದಳು. ಮಾಯಣ್ಣ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡು ಪಕ್ಕದವರಿಗೆ, "ನನ್ ಮಗಳು ಕಣಪ್ಪ," ಎಂದರು, ಅವರಿಗೆ ಗೊತ್ತಿಲ್ಲವೇನೋ ಎಂಬಂತೆ.

ಅಕ್ಕತಂಗಿಯರೇ, ಮನೆಯ ಹುಡುಗಿ ದೇವರ ಹೆಸರು ಹೇಳಿ ತಟ್ಟೆ ಪಕ್ಕಕ್ಕಿಟ್ಟರೆ, ಹತ್ತಿರ ಕೂರಿಸಿಕೊಂಡು ಕೇಳಿ: ನಿನಗೆ ಯಾರು ಏನಂದರು? ಸುಸ್ತು, ತಲೆಸುತ್ತು ಇದ್ದರೆ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ನಿಮ್ಮ ಗುಡಿಯಲ್ಲಿ, ನಿಮ್ಮ ಭಜನೆಯಲ್ಲಿ ಈ ಮಾತು ನೀವೇ ಎತ್ತಿ. ಯಾರಾದರೂ ಒಬ್ಬರು ಮೊದಲು ಬಾಯಿಬಿಡಬೇಕು.