ಪಾಲಿನ ಹೇಟೆ

"ಇದು ನಿಮ್ಮಪ್ಪಾರು ಬಿಗಿದ ನಟ್ಟು ಕೆಂಪಯ್ಯೋರೆ. ಅವರ ಮಾತು ಬಿಟ್ರೆ ಬೇರೆಯವ್ರ ಮಾತು ಕೇಳಲ್ಲ," ಎಂದು ಶಂಶುದ್ದೀನ್ ಇನ್ನಷ್ಟು ಸೀಮೆಎಣ್ಣೆ ಬಿಟ್ಟು, ಸ್ಪ್ಯಾನರಿನ ಮೇಲೆ ಕಾಲಿಟ್ಟು ಒತ್ತಿದ. ಅವನು ಗೋಣಿಬೀಡಿನಲ್ಲಿ ಜೀಪು ರಿಪೇರಿ ಮಾಡುವವನು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಬಿಚ್ಚಲು ಅವನನ್ನು ಇದುವರೆಗೆ ಯಾರೂ ಕರೆದದ್ದಿರಲಿಲ್ಲ.

ಕೆಂಪಯ್ಯ ನಗಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಹೆಂಡತಿ ನಂಜಮ್ಮನ ಕಡೆ ನೋಡಿ, "ಮುಂದಿನ ಹಣ್ಣಿನ ಕಾಲಕ್ಕೆ ಇದನ್ನ ಮತ್ತೆ ಇಲ್ಲೇ ಕೂರಿಸ್ತೀನಿ," ಎಂದ.

"ಕೂರಿಸಿ. ಯಾರು ಬ್ಯಾಡ ಅಂದ್ರು?"

ಆ ಪಲ್ಪರ್ ತಿರುಗಿ ಒಂಬತ್ತು ವರ್ಷವಾಗಿತ್ತು. ಹಳ್ಳದ ನೀರು ಸಣ್ಣದಾದ ಮೇಲೆ ಕೆಂಪಯ್ಯ ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿ ಮಾರುತ್ತಿದ್ದ. ಆದರೂ ಪ್ರತಿ ಆಯುಧಪೂಜೆಗೆ ಅದರ ಚಕ್ರಕ್ಕೆ ಎಣ್ಣೆ ಹಾಕುತ್ತಿದ್ದ. ಒಂದು ಕಾಲದಲ್ಲಿ ಹಣ್ಣಿನ ದಿನಗಳೆಂದರೆ ಆ ಶೆಡ್ಡೇ ಮನೆಯಾಗಿತ್ತು. ಸಿಪ್ಪೆಯ ಸಿಹಿಹುಳಿ ವಾಸನೆಗೆ ಜೇನ್ನೊಣಗಳು ಮುತ್ತುತ್ತಿದ್ದವು. ಅಪ್ಪ ಚಕ್ರ ತಿರುಗಿಸುವುದು, ಕೆಲಸಕ್ಕೆ ಬರುತ್ತಿದ್ದ ಪಾಪಮ್ಮ ಮೇಲಿಂದ ಹಣ್ಣು ಸುರಿಯುವುದು, ಮೈಯೆಲ್ಲ ಅಂಟು ಮಾಡಿಕೊಂಡ ಮಕ್ಕಳನ್ನು ಅಜ್ಜಿ ಬಚ್ಚಲಿಗೆ ಅಟ್ಟುವುದು.

ಈಗ ಶೆಡ್ಡು ಬೇಕಾದದ್ದೂ ಪಾಪಮ್ಮನ ಹೇಟೆ ಕೋಳಿಗೇ. ಪಕ್ಕದ ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲಿದ್ದ ಪಾಪಮ್ಮ, ಮಗಳ ಬಾಣಂತನಕ್ಕೆ ಘಟ್ಟದ ಕೆಳಗೆ ಹೋಗುವಾಗ ತನ್ನ ಕೆಂಪು ಹೇಟೆಯನ್ನು ನಂಜಮ್ಮನಿಗೆ ಪಾಲಿಗೆ ಕೊಟ್ಟಿದ್ದಳು. ತಾಯಿ ಕೊಟ್ಟವರದ್ದು, ಮರಿಗಳಲ್ಲಿ ಅರ್ಧ ಅವರಿಗೆ, ಅರ್ಧ ಸಾಕಿದವರಿಗೆ. ಅದಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ. "ನಂಗಿರೋದು ಇದೊಂದೇ ಅಮ್ಮಾರೆ," ಎಂದಷ್ಟೇ ಹೇಳಿ ಹೋಗಿದ್ದಳು. ಅದಾದ ವಾರಕ್ಕೆ ಕಾಡುಬೆಕ್ಕು ಬಿದಿರಿನ ಗೂಡು ಮುರಿದು ನಂಜಮ್ಮನ ನಾಲ್ಕೂ ಕೋಳಿಗಳನ್ನು ಮುಗಿಸಿತು. ಒಲೆಯ ಹಿಂದೆ ಕಾವಿಗೆ ಕೂತಿದ್ದಕ್ಕೆ ಪಾಪಮ್ಮನದು ಉಳಿಯಿತು.

ಪಲ್ಪರ್ ಗೋಣಿ ಹೊದ್ದು ಕೊಟ್ಟಿಗೆಯ ಮೂಲೆ ಸೇರಿತು. ಗಂಡಹೆಂಡತಿ ನಾಲ್ಕು ದಿನ ಶೆಡ್ಡಿನಲ್ಲೇ ಇದ್ದರು. ಕಿಟಕಿಗೆ ಸಣ್ಣ ಕಣ್ಣಿನ ತಂತಿ ಬಲೆ ಹೊಡೆದರು, ಹೆಗ್ಗಣದ ಬಿಲಗಳಿಗೆ ಗಾಜಿನ ಚೂರು ತುಂಬಿ ಮಣ್ಣು ಮೆತ್ತಿದರು, ಹೆಂಚಿನ ಸಂದುಗಳಿಗೆ ರೀಪು ಬಡಿದರು. "ಇನ್ನು ಒಳಗೆ ಬರೋಕೆ ಇರುವೆಗೂ ಚೀಟಿ ಬೇಕು," ಎಂದ ಕೆಂಪಯ್ಯ. ಹೇಟೆ ಹತ್ತು ಮರಿ ಎಬ್ಬಿಸಿತು.

ಮರಿ ಎದ್ದ ಹನ್ನೆರಡನೆಯ ದಿನ ಮಧ್ಯಾಹ್ನ ಒಂದು ಮರಿ ಇರಲಿಲ್ಲ. ಬಲೆ ಹರಿದಿರಲಿಲ್ಲ, ಚಿಲಕ ಹಾಕಿದ ಹಾಗೇ ಇತ್ತು. ನಂಜಮ್ಮ ಒಳಗೆ ಹೋಗಿ ಬಾಗಿಲೆಳೆದುಕೊಂಡು, ಕಿಟಕಿಗೆ ಗೋಣಿ ಇಳಿಬಿಟ್ಟು ಕತ್ತಲೆ ಮಾಡಿ ಕೂತಳು. ಕಣ್ಣು ಹೊಂದಿಕೊಂಡ ಮೇಲೆ ನೆಲದ ಅಂಚಿನಲ್ಲಿ ಅಂಗೈಯಗಲ ಬೆಳಕು ಕಂಡಿತು. ಹಣ್ಣು ತೊಳೆದ ನೀರು ಹೊರಹೋಗುವ ಕಂಡಿ. ಆ ನಾಲ್ಕು ದಿನ ಅದರ ಪಕ್ಕವೇ ಕೂತು ಬಿಲ ಮುಚ್ಚಿದ್ದರು.

"ಅದು ತೂತಲ್ಲ ಕಣೆ, ನೀರು ಹೋಗೋ ದಾರಿ," ಎಂದ ಕೆಂಪಯ್ಯ.

"ನೀರು ಹೋಗೋ ದಾರೀಲಿ ಮುಂಗ್ಸಿ ಬರಬಾರ್ದು ಅಂತ ಇದ್ಯಾ? ಕಲ್ಲಿಟ್ಟು ಸಿಮೆಂಟ್ ಹಾಕಿ."

ಅವನು ಕಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಅಪ್ಪ ಚೊಂಬು ಚೊಂಬು ನೀರು ಸುರಿದು, ಹರಿಯುವುದನ್ನು ನೋಡಿ ನೋಡಿ ಹಿಡಿದ ಇಳಿಜಾರು ಅದು. ಮುಚ್ಚಿದರೆ ಆ ನೆಲದ ಮೇಲೆ ಮತ್ತೆ ಪಲ್ಪರ್ ಇಡುವ ಹಾಗಿರಲಿಲ್ಲ.

"ಹಲಗೆ ಸಿಗಿಸ್ತೀನಿ, ಸಾಕು."

"ಪಾಪಮ್ಮಂಗೆ ನಾನು ಉತ್ತರ ಹೇಳ್ಬೇಕು."

"ಸಾಕು ಅಂದ್ನಲ್ಲ ಮಾರಾಯ್ತಿ."

ಮೂರನೆಯ ದಿನ ಹಲಗೆ ಪಕ್ಕಕ್ಕೆ ಸರಿದಿತ್ತು. ಇನ್ನೊಂದು ಮರಿ ಹೋಗಿತ್ತು. ಹೇಟೆ ಪುಕ್ಕ ಕೆದರಿಕೊಂಡು, ಉಳಿದವನ್ನು ರೆಕ್ಕೆಯಡಿ ಒತ್ತಿಕೊಂಡು ಮೂಲೆ ಹಿಡಿದಿತ್ತು. ನಂಜಮ್ಮ ಗಂಡನಿಗೆ ಅನ್ನ ಬಡಿಸಿ ಹೊರಗೆ ಹೋದಳು. ಕೆಂಪಯ್ಯ ಉಂಡ ಕೈ ತೊಳೆದವನೇ ಹಳ್ಳಕ್ಕಿಳಿದು, ಹೆಗಲ ಮೇಲೆ ಒಂದು ಗುಂಡುಕಲ್ಲು ಹೊತ್ತು ತಂದ. ಸಿಮೆಂಟನ್ನು ಕರಣೆಯಿಂದಲ್ಲ, ಬರಿಗೈಯಲ್ಲೇ ಮೆತ್ತಿದ. ಮೆತ್ತಿ ಮುಗಿದ ಮೇಲೂ ಬಹಳ ಹೊತ್ತು ಸವರುತ್ತಲೇ ಇದ್ದ.

ಮೊದಲ ಮಳೆ ಬಿದ್ದ ವಾರ ಪಾಪಮ್ಮ ಬಂದಳು. ಮಗಳಿಗೆ ಹೆಣ್ಣುಮಗು ಎಂದಳು. ಶೆಡ್ಡಿನೊಳಗೆ ಇಣುಕಿ, ಒಂದು ಕಡೆ ಹೋಗಿ ನಿಂತು, "ಇಲ್ಲೇ ಅಲ್ವಾ ನಾನು ನಿಂತು ಹಣ್ಣು ಸುರೀತಿದ್ದದ್ದು," ಎಂದಳು. ಕಂಡಿಯಿದ್ದ ಜಾಗದ ಸಿಮೆಂಟನ್ನು ಕಾಲ ಬೆರಳಿನಿಂದ ಮುಟ್ಟಿ ನೋಡಿದಳು.

"ಹತ್ತು ಮರಿ ಆಗಿತ್ತು, ಎಂಟಿದಾವೆ," ಎಂದಳು ನಂಜಮ್ಮ. "ಎರಡು ಮುಂಗ್ಸಿ ಹೊತ್ಕೊಂಡ್ ಹೋಯ್ತು. ಅವು ನಮ್ ಪಾಲಿಂದು. ನಿಂಗೆ ಐದು."

ಪಾಪಮ್ಮ ಸೆರಗು ಬಾಯಿಗಿಟ್ಟು ನಕ್ಕಳು. "ಯಾರ ಪಾಲಿಂದು ಅಂತ ಕೇಳ್ಕೊಂಡು ತಿಂತಾ ಅಮ್ಮಾರೆ ಮುಂಗ್ಸಿ? ನಾಕು ನಾಕು."

"ಐದು."

"ನಮ್ ಲೈನಲ್ಲಿ ಬಿಟ್ಟಿದ್ರೆ ಇಷ್ಟೊತ್ತಿಗೆ ಪುಕ್ಕನೂ ಸಿಗ್ತಿರ್ಲಿಲ್ಲ. ನಾಕಂದ್ರೆ ನಾಕು."

ಜಗುಲಿಯ ಮೇಲೆ ಕತ್ತಿ ಮಸೆಯುತ್ತಿದ್ದ ಕೆಂಪಯ್ಯ ಕೈ ನಿಲ್ಲಿಸಿದ. "ಮೊದಲನೇದು ಯಾರದ್ದೋ ಗೊತ್ತಿಲ್ಲ ಪಾಪಮ್ಮ. ಎರಡನೇದು ನಂದು."

ಅವನೇ ಎದ್ದು ಹೋಗಿ ಹೇಟೆಯನ್ನೂ ಮರಿಗಳನ್ನೂ ಒಂದೊಂದಾಗಿ ಹಿಡಿದು ತಂದು ಪಾಪಮ್ಮನ ಬುಟ್ಟಿಗೆ ಬಿಟ್ಟ. ಐದನೆಯದು, ಎಲ್ಲಕ್ಕಿಂತ ಚೆನ್ನಾಗಿ ಬೆಳೆದಿದ್ದ ಬೂದು ಬಣ್ಣದ್ದು. ಪಾಪಮ್ಮ ನಂಜಮ್ಮನ ಮುಖ ನೋಡಿದಳು. ನಂಜಮ್ಮ, "ಕಾಫಿ ಕುಡ್ಕೊಂಡು ಹೋಗು," ಎಂದು ಒಳಗೆ ನಡೆದಳು.

ಸಂಜೆ ಕೆಂಪಯ್ಯ ಬಾಗಿಲು ಹಾಕಲು ಹೋದಾಗ, ಉಳಿದ ಮೂರು ಮರಿಗಳು ಆಗಲೇ ಕೂರಲು ಕಟ್ಟಿದ್ದ ಬಿದಿರಿನ ಗಳು ಹತ್ತಿದ್ದವು. ಉದ್ದದ ಗಳು. ಅದರ ಒಂದು ತುದಿಯಲ್ಲಿ ಮೂರೂ ಒತ್ತಿಕೊಂಡು ಕೂತಿದ್ದವು, ಮಿಕ್ಕ ಜಾಗವನ್ನೆಲ್ಲ ಬಿಟ್ಟು.