ಕಬ್ಬಿಣ ಕಡಿಮೆ ಇರಲಿಲ್ಲ

ಸಾರಿಕಾಳ ಮೈಯಲ್ಲಿ ರಕ್ತ ಕಡಿಮೆ ಎಂದು ಕಾಲೇಜಿನ ತಪಾಸಣೆಯಲ್ಲಿ ತಿಳಿದಾಗ ಕಸ್ತೂರಬಾಯಿ ಅಷ್ಟೇನೂ ಅಂಜಿರಲಿಲ್ಲ. ವಯಸ್ಸಿಗೆ ಬಂದ ಹುಡುಗಿಯರಿಗೆ ಅದು ಇದ್ದದ್ದೇ. ಅಕ್ಕಲಕೋಟೆಯಿಂದ ಸೋಲಾಪುರಕ್ಕೆ ಹೋಗುವವರು ಸಿಕ್ಕರೆ ಸಾಕು, ಅವರ ಕೈಯಲ್ಲಿ ಮೊಮ್ಮಗಳಿಗೆ ಶೇಂಗಾ ಹೋಳಿಗೆ, ಎಳ್ಳುಂಡೆ ಕಳಿಸುತ್ತಿದ್ದಳು. ಮೊಮ್ಮಗಳೆಂದರೆ ಬರೀ ಮೊಮ್ಮಗಳಲ್ಲ. ಬರುವ ವೈಶಾಖಕ್ಕೆ ಸೊಸೆಯೂ ಆಗುವವಳು. ಮಗಳು ಗೋಪಿಕಾಳಿಗೆ ಹೆಣ್ಣು ಹುಟ್ಟಿದಾಗ ಕಸ್ತೂರಬಾಯಿ ತೊಟ್ಟಿಲ ಮುಂದೆ ನಿಂತು, "ಇದು ನಮ್ಮ ಯೋಗಿರಾಜಂದು" ಎಂದು ಹೇಳಿಟ್ಟಿದ್ದಳು. ಯೋಗಿರಾಜ ಅವಳ ಕಿರಿಯ ಮಗ, ಊರಲ್ಲಿ ಬಟ್ಟೆ ಅಂಗಡಿ. ಅಕ್ಕನ ಮಗಳನ್ನು ತರುವುದು ಆ ಮನೆಯ ವಾಡಿಕೆ. ಕಸ್ತೂರಬಾಯಿಯೂ ಸೋದರಮಾವ ಶಾಂತಲಿಂಗಪ್ಪನನ್ನೇ ಕಟ್ಟಿಕೊಂಡು ಬಂದವಳು.

ತಿಂಗಳುಗಟ್ಟಲೆ ಗುಳಿಗೆ ನುಂಗಿದರೂ ಹುಡುಗಿಯ ಮುಖಕ್ಕೆ ಕಳೆ ಬರಲಿಲ್ಲ. ಸೋಲಾಪುರದ ಡಾಕ್ಟರು ಕಬ್ಬಿಣದ ಅಂಶ ಎಷ್ಟಿದೆ ನೋಡಲು ಮತ್ತೆ ರಕ್ತ ತೆಗೆಸಿದರು. ವರ ಸೋದರಮಾವನೇ ಎಂದು ಕೇಳಿ ಅವನ ರಕ್ತವನ್ನೂ ತೆಗೆಸಿದರು. ವರದಿ ಬಂದ ದಿನ ಕಸ್ತೂರಬಾಯಿ, ಗೋಪಿಕಾ, ಸಾರಿಕಾ, ಯೋಗಿರಾಜ ನಾಲ್ವರೂ ದವಾಖಾನೆಯಲ್ಲಿ ಕೂತಿದ್ದರು.

"ಅವ್ವ ಕಳಿಸಿದ ಹೋಳಿಗಿ ಗೆಳತ್ಯಾರಿಗೆ ಹಂಚೀದಿ. ರಕ್ತ ಹ್ಯಾಂಗ ಏರಬೇಕು?" ಯೋಗಿರಾಜ ಕೆಣಕಿದ.

"ಹಂಚಿದ್ದು ನಿಮ್ಮ ಪಾಲಿಂದು," ಎಂದಳು ಸಾರಿಕಾ.

ಒಳಗೆ ಡಾಕ್ಟರು ಕಾಗದ ನೋಡಿದರು. "ಆಜಿ, ಇಕಿಗೆ ಕಬ್ಬಿಣ ಕಮ್ಮಿ ಇಲ್ರಿ. ಬೇಕಾದಷ್ಟದ."

"ಹಂಗಾರ ಛಲೋ ಆತಲ್ರಿ," ಎಂದಳು ಕಸ್ತೂರಬಾಯಿ.

"ಛಲೋ ಅಲ್ರಿ. ರಕ್ತ ತಯಾರಾಗೋದ್ರಾಗನ ದೋಷ ಅದ, ಹುಟ್ಟಿನಿಂದ ಬಂದದ್ದು. ಥಲಸ್ಸೇಮಿಯಾ ಅಂತಾರ. ಇಕಿಗೆ ಅರ್ಧಾ ಅದ, ಜೀವಕ್ಕೇನೂ ಧೋಕಾ ಇಲ್ಲ. ಆದ್ರ ಲಗ್ನ ಆಗೋ ಇವರಿಗೂ ಅರ್ಧಾ ಅದ. ಇಬ್ಬರದೂ ಕೂಡಿ ಕೂಸಿಗೆ ಬಂತಂದ್ರ ಅದಕ್ಕ ತನ್ನ ರಕ್ತಾನ ಸರಿಯಾಗಿ ಆಗೂದಿಲ್ಲ. ಹೊರಗಿಂದ ಹಾಕ್ಕೋತ ಇರಬೇಕಾಗತದ."

"ಬರತದಂತ ಪಕ್ಕಾ ಏನಿಲ್ಲಲ್ರಿ?" ಯೋಗಿರಾಜ ಕೇಳಿದ.

"ಪಕ್ಕಾ ಇಲ್ಲ. ಹೊಟ್ಟ್ಯಾಗಿದ್ದಾಗ ತಪಾಸಣಿ ಮಾಡಿ ನೋಡಬಹುದು."

"ಕೇಳಿದಿ? ಉಪಾಯ ಅದ," ಎಂದು ಅವನು ಸಾರಿಕಾಳ ಕಡೆ ತಿರುಗಿದ. ಅವಳು ಹಗುರಾಗಿ ಉಸಿರು ಬಿಟ್ಟಳು.

"ನಿಮ್ಮ ಮನ್ಯಾಗ ಸಣ್ಣ ಕೂಸುಗೋಳು ಬೆಳ್ಳಗಾಗಿ ತೀರಿದ್ದು ಅದೇನ್ರಿ?" ಡಾಕ್ಟರು ಕೇಳಿದರು.

"ಇಲ್ರಿ," ಎಂದಳು ಗೋಪಿಕಾ.

ತಾಯಿಯ ಎರಡು ಕೂಸುಗಳು ತೀರಿದಾಗ ಅವಳು ತೀರಾ ಚಿಕ್ಕವಳು. ಹೋದ ಕೂಸುಗಳ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಮೊದಲು ಅಮೋಗಸಿದ್ಧ ಹೋದ, ಆಮೇಲೆ ಒಂದು ಹೆಣ್ಣು. ಎರಡಕ್ಕೂ ಅಂಗೈ ಸುಣ್ಣದಂತಾಗಿತ್ತು, ಹೊಟ್ಟೆ ಉಬ್ಬಿತ್ತು. "ನಿನ್ನ ಹಾಲು ನೀರಾಗ್ಯಾವ," ಎಂದಿದ್ದಳು ಅತ್ತೆ. ಅತ್ತೆಯೆಂದರೆ ತಾಯಿಯ ತಾಯಿ, ಕಸ್ತೂರಬಾಯಿಯನ್ನು ತೊಡೆಯ ಮೇಲೆ ಆಡಿಸಿ ಬೆಳೆಸಿದವಳು. ಅಂಥವಳ ಮಾತನ್ನು ನಂಬದೆ ಹೇಗಿದ್ದಾಳು? ಎಷ್ಟೋ ವರ್ಷದ ಮೇಲೆ ಯೋಗಿರಾಜ ಹುಟ್ಟಿದಾಗ, ಅವನು ಅತ್ತರೂ ಮೊಲೆ ಕೊಡದೆ ಆಕಳ ಹಾಲಿನ ಮೇಲೆ ಸಾಕಿದಳು. ಅವನು ಉಳಿದ. ತನ್ನ ಹಾಲೇ ಕೂಸುಗಳನ್ನು ತಿಂದಿತೆಂಬ ಮಾತು ಅವಳ ಎದೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಈಗ ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಸುಮ್ಮನಿದ್ದರೆ ವೈಶಾಖಕ್ಕೆ ಸಾರಿಕಾ ಮನೆ ತುಂಬುತ್ತಿದ್ದಳು.

"ಎರಡು ಹೋಗ್ಯಾವ್ರಿ," ಎಂದಳು ಕಸ್ತೂರಬಾಯಿ. "ನನ್ನವು."

ಗೋಪಿಕಾ ತಾಯಿಯ ಮುಖವನ್ನೇ ನೋಡಿದಳು.

"ಆವಾಗಿನ ಕಾಲ ಬ್ಯಾರೆ, ಅವ್ವಾ," ಎಂದ ಯೋಗಿರಾಜ. "ಈಗ ಔಷಧ ಅದಾವ. ಅದನ್ಯಾಕ ಈಗ ತಗೀತಿ?"

ಸಾರಿಕಾ ಅಜ್ಜಿಯ ಕಡೆ ಬಾಗಿದಳು. "ಆಯಿ, ಅವು ನಡೀತಿದ್ವೇನು?"

"ಅಮೋಗಸಿದ್ಧ ಗ್ವಾಡಿ ಹಿಡಕೊಂಡು ನಡೀತಿದ್ದ. ಆಮ್ಯಾಲ ಕುಂತಲ್ಲೇ ಕುಂತ. ಆಟಕ್ಕ ಕರದ್ರ ಸುಮ್ನ ನಗ್ತಿದ್ದ."

ಡಾಕ್ಟರು ಕಾಗದ ಮಡಚಿ ಗೋಪಿಕಾಳ ಕೈಗೆ ಕೊಟ್ಟರು.

ಹೊರಗೆ ಬಂದಾಗ ಬಿಸಿಲು ಏರಿತ್ತು. ಯೋಗಿರಾಜ ರಸ್ತೆ ದಾಟಿ ಹೋಗಿ ಎರಡು ಗ್ಲಾಸು ಕಬ್ಬಿನ ಹಾಲು ತಂದ. ಒಂದನ್ನು ಸಾರಿಕಾಳ ಮುಂದೆ ಹಿಡಿದ.

"ನೀವು ಕುಡೀರಿ, ಮಾಮಾ," ಎಂದಳು ಅವಳು.

ಮದುವೆ ನಿಶ್ಚಯವಾದಾಗಿನಿಂದ ಅವಳು ಅವನನ್ನು ಮಾಮಾ ಎಂದು ಕರೆದಿರಲಿಲ್ಲ. ಅವನು ಎರಡೂ ಗ್ಲಾಸು ಹಿಡಿದು ನಿಂತೇ ಇದ್ದ. ಕಸ್ತೂರಬಾಯಿ ಮೊಮ್ಮಗಳ ಕಡೆ ಕೈ ಚಾಚಿದಳು. ಹುಡುಗಿ ತಾಯಿಯ ಬದಿಗೆ ಸರಿದು, ಬೇರೆ ಕಡೆ ಮುಖ ಮಾಡಿದಳು.