ನೆಟ್ಟ ಹಾರೆ

ಶಿವಮೊಗ್ಗದ ಹೊಸಮನೆಯಲ್ಲಿ ಮುರುಗೇಶಪ್ಪ ಮೇಷ್ಟ್ರೆಂದರೆ ಹಳೇ ಕಲ್ಲು ಕಂಡ ಕಡೆ ಚಪ್ಪಲಿ ಬಿಟ್ಟು ಕೂರುವ ಮನುಷ್ಯ ಎಂದೇ ಹೆಸರು. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದ ಮೇಲೆ ಅವರಿಗೆ ಅದೊಂದೇ ಕೆಲಸ. ಬಕೆಟ್ಟು, ಬ್ರಷ್ಷು, ಸುಣ್ಣದ ಪುಡಿ ಸ್ಕೂಟರಿಗೆ ಸಿಕ್ಕಿಸಿಕೊಂಡು ಹಳ್ಳಿ ಹಳ್ಳಿ ಸುತ್ತುವುದು, ಬೇಲಿ ಸಂದಿಯ ವೀರಗಲ್ಲು ತೊಳೆಯುವುದು, ಸವೆದ ಅಕ್ಷರಕ್ಕೆ ಸುಣ್ಣ ತುಂಬಿ ಓದುವುದು. ಒಂದು ಊರಿನ ಹೆಂಗಸರು ವೀರಗಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದುದನ್ನು ಕಂಡು, 'ಸತ್ತವರ ನೆನಪಿನ ಮೇಲೆ ಸೋಪು ತಿಕ್ಕುವ ಜನ' ಎಂದು ಪತ್ರಿಕೆಯಲ್ಲಿ ಬರೆದು ಇಡೀ ಊರಿನ ಮಾನ ಹರಾಜು ಹಾಕಿದ್ದರು. ಆ ಊರಿನವರು ಇವತ್ತಿಗೂ ಅವರಿಗೆ ಒಂದು ಲೋಟ ನೀರು ಕೊಡುವುದಿಲ್ಲ.

ಇಂಥವರು ಗಂಟೆಕಲ್ಲು ಗುಡ್ಡದ ಗಣಿ ಕಾರ್ಮಿಕರ ಸ್ಮಾರಕ ಸಮಿತಿಗೆ ಅಧ್ಯಕ್ಷರಾದದ್ದರಲ್ಲಿ ಆಶ್ಚರ್ಯವೇನಿಲ್ಲ. ಭದ್ರಾವತಿಯ ಆಚೆ ಇರುವ ಆ ಗುಡ್ಡದಲ್ಲಿ ಹಿಂದೆ ಯಾರೋ ಕಂಟ್ರಾಕ್ಟರನ ಅದಿರಿನ ಗಣಿ ಇತ್ತು. ಅರವತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಗುಡ್ಡದ ಮಗ್ಗುಲು ಕುಸಿದು, ಒಂದು ಪಾಳಿಯ ಆಳುಗಳೆಲ್ಲ ಮಣ್ಣಿನಡಿ ಹೋದರು. ಹೆಣಗಳು ಸಿಗಲಿಲ್ಲ. ಗಣಿ ಮುಚ್ಚಿತು, ಲಂಟಾನ ಬೆಳೆಯಿತು, ಊರು ಮರೆಯಿತು. ಮೇಷ್ಟ್ರು ಹಳೆಯ ಪತ್ರಿಕೆಯೊಂದರಿಂದ ಸತ್ತವರ ಹೆಸರು ಹೆಕ್ಕಿ, ದಾನಿಗಳನ್ನು ಕಾಡಿ ಬೇಡಿ, ಅಲ್ಲೊಂದು ಕರಿಕಲ್ಲಿನ ಸ್ಮಾರಕಕ್ಕೆ ಏರ್ಪಾಡು ಮಾಡಿದರು. ಸತ್ತವರ ಮನೆಯವರು ಎಲ್ಲಿದ್ದಾರೆಂದು ಮಾತ್ರ ಹುಡುಕಲಿಲ್ಲ. ಆಹ್ವಾನ ಪತ್ರಿಕೆ ಹಂಚುವಾಗ ಹುಡುಕಿದರಾಯಿತು ಎಂದುಕೊಂಡರು. ಓದಿದವರಿಗೆ ಕಲ್ಲು ಮೊದಲು, ಮನುಷ್ಯರು ಆಮೇಲೆ.

ಎರಡು ಸಾವಿರದ ಮೂರನೇ ಇಸವಿ, ಗೌರಿಗಣೇಶ ಕಳೆದಿತ್ತು. ಜಾಗ ಸಮ ಮಾಡಲು ಜೆಸಿಬಿ ಬಂತು. ಪೊದೆ ಎತ್ತಿ ಬಿಸಾಕಿದಾಗ ಅದರಡಿ ಕಬ್ಬಿಣದ ಹಾರೆಗಳ ಒಂದು ಸಾಲು ಕಂಡಿತು. ಅರ್ಧ ನೆಲದೊಳಗೆ, ಅರ್ಧ ಮೇಲೆ, ತುಕ್ಕು ಹಿಡಿದು ಚಕ್ಕೆ ಏಳುತ್ತಿದ್ದರೂ ನೆಟ್ಟಗೆ ನಿಂತಿದ್ದವು. ಸಮಿತಿಯ ಕಾರ್ಯದರ್ಶಿ ಯೋಗರಾಜ್ ಬಗ್ಗಿ ನೋಡಿ ತಲೆ ಕೆರೆದುಕೊಂಡ.

"ಸಾರ್, ಇದಕ್ಕೆ ಯಾರೋ ಅರಿಶಿನ ಕುಂಕುಮ ಹಚ್ಚಿದಾರೆ."

"ದನ ಕಾಯೋರು ಹಚ್ಚಿರ್ತಾರೆ ಮಾರಾಯ. ನಮ್ಮ ಜನ ಮೈಲಿಗಲ್ಲನ್ನೂ ಬಿಡಲ್ಲ. ಕೀಳ್ಸು, ಗುಜರಿಗೆ ಹಾಕ್ಸು" ಎಂದರು ಮೇಷ್ಟ್ರು.

ಹಾರೆಗಳು ಗುಜರಿಗೆ ಹೋದವು. ಬಂದ ದುಡ್ಡಿನಲ್ಲಿ ಸಮಿತಿಯವರೆಲ್ಲ ಅಂದು ಸಂಜೆ ಭದ್ರಾವತಿ ಬಸ್‌ಸ್ಟ್ಯಾಂಡಿನ ಬಳಿ ಮಂಡಕ್ಕಿ, ಮೆಣಸಿನಕಾಯಿ ಬೋಂಡ ತಿಂದರು. ಬೋಂಡ ಬಿಸಿಯಾಗಿತ್ತು. ಮೇಷ್ಟ್ರು ಇನ್ನೆರಡು ಹೇಳಿ ಹಾಕಿಸಿಕೊಂಡರು.

ಆಯುಧಪೂಜೆಯ ದಿನ ಅವರೊಬ್ಬರೇ ಗುಡ್ಡಕ್ಕೆ ಬಂದಿದ್ದರು. ಕಲ್ಲು ನಿಲ್ಲಿಸಿ ಆಗಿತ್ತು. ಕೆತ್ತಿದ ಹೆಸರುಗಳಲ್ಲಿ ತಪ್ಪಿದೆಯೋ ಎಂದು ಬೆರಳಿಟ್ಟು ಓದುತ್ತಿದ್ದಾಗ ಬುಡದ ಹಳ್ಳಿಯ ಕಡೆಯಿಂದ ನಾಲ್ಕಾರು ಜನ ಹತ್ತಿ ಬಂದರು. ಮುಂದೆ ಒಬ್ಬ ವಯಸ್ಸಾದ ಹೆಂಗಸು. ಹಣೆಯಲ್ಲಿ ಕಾಸಗಲ ಕುಂಕುಮ, ಕೈತುಂಬ ಹಸಿರು ಬಳೆ, ಕಂಕುಳಲ್ಲಿ ಪೂಜೆಯ ಬುಟ್ಟಿ. ಸಿಮೆಂಟು ಮೆತ್ತಿದ ನೆಲ ನೋಡಿ ಆಕೆ ನಿಂತಲ್ಲೇ ನಿಂತಳು.

"ಹಾರೆ ಎಲ್ಲಿ?" ಎಂದಳು.

ಕಲ್ಲು ನಿಲ್ಲಿಸಿದ ಮೇಷ್ಟ್ರು ಇವರೇ ಎಂದು ಜೊತೆಗೆ ಬಂದ ಹಳ್ಳಿಯವರು ಅವಳಿಗೆ ಹೇಳಿದರು. ಅವಳ ಹೆಸರು ಈಶ್ವರಮ್ಮ. ಮಗನಿಗೆ ಕಾಗದದ ಕಾರ್ಖಾನೆಯಲ್ಲಿ ಕೆಲಸ, ಕಾಗದನಗರದ ಕ್ವಾರ್ಟರ್ಸಿನಲ್ಲಿ ವಾಸ. ಕಲ್ಲಿನ ಮೇಲಿನ ಮೂರನೇ ಹೆಸರು, ಶೇಷಪ್ಪ, ಅವಳ ಗಂಡನದು. ಅದನ್ನು ಸೊಸೆ ಓದಿ ಹೇಳಿದಳೇ ಹೊರತು ಈಶ್ವರಮ್ಮ ಗಂಡನ ಹೆಸರನ್ನು ಬಾಯಲ್ಲಿ ಹೇಳುವವಳಲ್ಲ. ಗಂಡ ಸತ್ತವಳ ಹಣೆಯ ಕುಂಕುಮವನ್ನು ಮೇಷ್ಟ್ರು ಬೆರಗಾಗಿ ನೋಡುತ್ತಿದ್ದುದು ಅವಳಿಗೆ ಅರ್ಥವಾಯಿತು. ಅದನ್ನು ಕೇಳುವವರು ಅವಳಿಗೆ ಹೊಸಬರಲ್ಲ.

"ನಾನೇನು ಹುಚ್ಚಿ ಅಲ್ಲ ಮೇಷ್ಟ್ರೇ. ಅವರು ಹೋಗಿದಾರೆ ಅಂತ ನಂಗೂ ಗೊತ್ತು. ಆದ್ರೆ ಗಣೀಲಿ ಒಂದು ಪದ್ಧತಿ ಇತ್ತು. ಆಳು ನೀರಿಗೋ ಊಟಕ್ಕೋ ಹೋಗಬೇಕಾದ್ರೆ ತನ್ನ ಹಾರೆನ ಅಲ್ಲೇ ನೆಟ್ಟು ಹೋಗ್ತಿದ್ದ. ಹಾರೆ ನಿಂತಿದ್ರೆ ಆ ಜಾಗ ಅವಂದು, ಆಳು ಬರ್ತಾನೆ ಅಂತ. ಬೇರೆ ಯಾರೂ ಅಲ್ಲಿ ಕೈ ಹಾಕೋ ಹಂಗಿಲ್ಲ. ಮೇಸ್ತ್ರಿ ಬಂದು ಹಾರೆ ಕಿತ್ತು ಮಲಗಿಸಿದ್ರೆ ಮಾತ್ರ ಅವನ ಕೆಲಸ ಹೋಯ್ತು ಅಂತ. ಗುಡ್ಡ ಬಿದ್ದಾಗ ಉಳಿದ ಆಳುಗಳು, ಹೆಣ ಸಿಗೋವರೆಗೂ ನಾವು ಯಾರ ಲೆಕ್ಕಾನೂ ಮುಗಿಸಲ್ಲ ಅಂತ ಒಬ್ಬೊಬ್ಬರಿಗೂ ಒಂದೊಂದು ಹಾರೆ ನೆಟ್ರು. ನಮ್ಮತ್ತೆ ನನ್ನ ಕೈ ಹಿಡ್ಕೊಂಡು, ಹಾರೆ ನಿಂತಿರೋವರೆಗೂ ಕುಂಕುಮ ಅಳಿಸಬೇಡ ಕಣೇ ಅಂದ್ರು. ಮಿಕ್ಕೋರ ಕಡೆಯೋರೆಲ್ಲ ಸೇಲಂ, ಧರ್ಮಪುರಿ ಅಂತ ಊರು ಸೇರ್ಕೊಂಡ್ರು. ಅವರದ್ದಕ್ಕೂ ಸೇರಿಸಿ ನಾನೇ ವರ್ಷಾ ವರ್ಷ ಪೂಜೆ ಮಾಡ್ತೀನಿ."

ಎಷ್ಟು ವೀರಗಲ್ಲಿಗೆ ಸುಣ್ಣ ಹಚ್ಚಿದ್ದರು ಮೇಷ್ಟ್ರು! ಅಕ್ಷರವಿಲ್ಲದ, ಶಿಲ್ಪವಿಲ್ಲದ, ಕುಂಕುಮವಷ್ಟೇ ಇದ್ದ ಈ ಕಬ್ಬಿಣದ ವೀರಗಲ್ಲುಗಳನ್ನು ತಾವೇ ಮುಂದೆ ನಿಂತು ಕೀಳಿಸಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಯಾರು ಕಿತ್ರು ಮೇಷ್ಟ್ರೇ?"

"ನಮಗೂ ಗೊತ್ತಿಲ್ಲಮ್ಮ" ಎಂದಿತು ಅವರ ನಾಲಿಗೆ. "ನಾವು ಬರೋ ಹೊತ್ತಿಗೇ ಇರಲಿಲ್ಲ. ಗುಜರಿ ಆರಿಸೋರು ಯಾರಾದ್ರೂ..."

ಆ ಹೆಂಗಸಿನ ಕುಂಕುಮ ಉಳಿಸಲೆಂದೇ ಹಾಗೆ ಹೇಳಿದೆ ಎಂದು ಮೇಷ್ಟ್ರು ಆಮೇಲೆ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಅದು ಶುದ್ಧ ಸುಳ್ಳು. ಅವರು ಉಳಿಸಿಕೊಂಡದ್ದು ತಮ್ಮ ಮುಖವನ್ನು.

ಈಶ್ವರಮ್ಮನ ಮುಖ ಮಾತ್ರ ಸ್ವಲ್ಪ ಹಗುರಾಯಿತು. "ಕಳ್ಳ ಕಿತ್ರೆ ಅದು ಲೆಕ್ಕಕ್ಕಿಲ್ಲ. ಅವರ ಜಾಗ ಅವರದ್ದೇ. ಬೇರೆ ಹಾರೆ ನೆಟ್ರಾಯ್ತು" ಎಂದಳು. ಆದರೂ ಹೊಟ್ಟೆಯ ಸಂಕಟ ತಡೆಯದೆ ಒಂದು ಹಿಡಿ ಕೆಂಪು ಮಣ್ಣು ತೆಗೆದು ಗಾಳಿಗೆ ತೂರಿದಳು. "ಕಿತ್ತೋನ ಕೈ ಸೇದಿಹೋಗ! ಅವನ ಮನೆ ಮಣ್ಣಾಗ!"

ಗಾಳಿ ಇತ್ತ ಬೀಸುತ್ತಿತ್ತು. ಮಣ್ಣು ಮೇಷ್ಟ್ರ ಬಿಳಿ ಪಂಚೆಯ ಮೇಲೆ ಬಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಷ್ಟ್ರು ಪಂಚೆ ಕೊಡವಲೂ ಹೆದರಿ ಹಾಗೇ ನಿಂತರು.

ಆದರೆ ಹಳ್ಳಿಯವರಿಗೆ 'ಗುಜರಿ' ಎಂಬ ಒಂದು ಮಾತು ಸಾಕಾಯಿತು. ಗುಡ್ಡದ ಬುಡದಲ್ಲಿ ಜೋಪಡಿ ಹಾಕಿಕೊಂಡು, ಹಳೇ ಕಬ್ಬಿಣ, ಬಾಟಲಿ ಆರಿಸಿ ಮಾರುವವನು ಒಬ್ಬನೇ, ಪುಟ್ಟಯ್ಯ. ಅಂದೇ ಅವನ ಜೋಪಡಿಗೆ ನುಗ್ಗಿ ಚೀಲಗಳನ್ನೆಲ್ಲ ಬೀದಿಗೆ ಸುರಿದರು. ಹಾರೆ ಸಿಗದಿದ್ದುದಕ್ಕೆ, ಆಗಲೇ ಮಾರಿ ತಿಂದಿದ್ದಾನೆ ಎಂದರು. ಟೀ ಅಂಗಡಿಯವನು ಅವನಿಗೆ ಲೋಟ ಕೊಡುವುದು ನಿಲ್ಲಿಸಿದ. ಅವನ ಹೆಂಡತಿಯನ್ನು ಬೋರ್‌ವೆಲ್ಲಿನ ಹತ್ತಿರ ಸೇರಿಸಲಿಲ್ಲ.

ಈ ಸುದ್ದಿಯನ್ನು ಯೋಗರಾಜ್ ಫೋನಿನಲ್ಲಿ ಹೇಳಿ, "ಒಳ್ಳೇದೇ ಆಯ್ತು ಬಿಡಿ ಸಾರ್, ನಮ್ಮ ತಲೆ ಮೇಲೆ ಬರಲಿಲ್ಲ" ಎಂದ. ಮೇಷ್ಟ್ರಿಗೆ ಅಂದು ಊಟ ಇಳಿಯಲಿಲ್ಲ. ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಕೂತಿದ್ದ ಗಂಡನನ್ನು ನೋಡಿ ಸುಭದ್ರಮ್ಮ ಕೆದಕಿ ಕೆದಕಿ ಎಲ್ಲವನ್ನೂ ಹೊರಡಿಸಿದರು. ಕೇಳಿ ಮುಗಿಸಿ ಸಾರಿನ ಪಾತ್ರೆ ಮುಚ್ಚಿಟ್ಟರು.

"ಸವೆದ ಅಕ್ಷರ ಓದೋಕೆ ದಿನಗಟ್ಲೆ ಸುಣ್ಣ ತಿಕ್ತೀರಿ. ಎದುರಿಗಿದ್ದ ಕುಂಕುಮ ಓದೋಕಾಗ್ಲಿಲ್ವಾ?"

"ಈಗೇನ್ ಮಾಡ್ಲಿ ಹೇಳು. ನಿಜ ಹೇಳಿದ್ರೆ ಆಯಮ್ಮನ ಕುಂಕುಮ ಹೋಗತ್ತೆ. ಅಲ್ಲಿ ಜಾಗ ಕ್ಲೀನ್ ಮಾಡಿಸೋ ಯಜಮಾನ ನಾನೇ ಆಗಿದ್ದೆ. ಕಳ್ಳ ಕಿತ್ರೆ ಲೆಕ್ಕಕ್ಕಿಲ್ಲ, ಮೇಸ್ತ್ರಿ ಕಿತ್ರೆ ಆಳಿನ ಲೆಕ್ಕ ಮುಗೀತು. ನಾನೇ ಆ ಮೇಸ್ತ್ರಿ."

"ಹೇಳದೇ ಇದ್ರೆ ಪುಟ್ಟಯ್ಯನ ಮಾನ ಹೋಗತ್ತೆ. ಅವನ ಹೆಂಡ್ತಿಗೂ ಹಣೆ ಇದೆ ಅಲ್ವಾ?" ಎಂದು ಸುಭದ್ರಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಅತ್ತ ದರಿ, ಇತ್ತ ಪುಲಿ. ಮೇಷ್ಟ್ರು ಮರುದಿನ ಪುಟ್ಟಯ್ಯನ ಜೋಪಡಿಗೆ ಹೋದರು. ಅವನು ಒಡೆದ ಬಾಟಲಿಗಳ ನಡುವೆ ಕೂತು ಚೀಲ ಹೊಲಿಯುತ್ತಿದ್ದ. ಮೇಷ್ಟ್ರನ್ನು ಕಂಡು ಎದ್ದು ನಿಂತ. ಅವರು ಮಾತು ಹುಡುಕುವಷ್ಟರಲ್ಲಿ ಅವನೇ ಹೇಳಿದ.

"ನಾ ನೋಡಿದೀನಿ ಸ್ವಾಮಿ. ಜೆಸಿಬಿ ಬಂದ ದಿನ ಅಲ್ಲೇ ಕೆಳಗಿದ್ದೆ."

"ಮತ್ತೆ ಯಾಕಪ್ಪಾ ಯಾರಿಗೂ ಹೇಳಲಿಲ್ಲ?"

"ನಿಮ್ಮ ಮಾತಿನ ಮುಂದೆ ನನ್ನ ಮಾತು ಯಾರ್ ಕೇಳ್ತಾರೆ? ಇನ್ನೊಂದು ಸುಳ್ಳು ಹೇಳ್ದ ಅಂತ ಇನ್ನೆರಡು ಬಿಡ್ತಿದ್ರು."

ಅವನು ಕೋಪಿಸಿಕೊಂಡಿದ್ದರೂ ಮೇಷ್ಟ್ರಿಗೆ ಹಗುರಾಗುತ್ತಿತ್ತು. ಅವನು ದಬ್ಬಣ ಎತ್ತಿಕೊಂಡು ಮತ್ತೆ ಹೊಲಿಯತೊಡಗಿದ. ಮೇಷ್ಟ್ರು ನೆಲ ನೋಡುತ್ತ ಸ್ಕೂಟರ್ ಹತ್ತಿದರು. ಇಷ್ಟು ವರ್ಷ ಮಕ್ಕಳಿಗೆ ಸತ್ಯ ಹರಿಶ್ಚಂದ್ರನ ಪಾಠ ಹೇಳಿ ಸಂಬಳ ತೆಗೆದುಕೊಂಡಿದ್ದಕ್ಕೆ ಅವರಿಗೆ ಜೀವನದಲ್ಲಿ ಮೊದಲ ಸಲ ನಾಚಿಕೆಯಾಯಿತು.

ಈಶ್ವರಮ್ಮನಿಗೆ ಮೊದಲು ಹೇಳಬೇಕು, ಅವಳ ಮನೆಗೇ ಹೋಗಿ ಹೇಳಬೇಕು ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಕಾಗದನಗರಕ್ಕೆ ಹೋದರು. ಕ್ವಾರ್ಟರ್ಸಿನ ಸಾಲಿನಲ್ಲಿ ಅವಳ ಮನೆಯ ಮುಂದೆ ರಂಗೋಲಿ ಇತ್ತು, ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಅವಳು ಸೊಸೆಗೆ ಏನೋ ಹೇಳಿ ನಗುತ್ತಿದ್ದಳು. ಮೇಷ್ಟ್ರು ಸ್ಕೂಟರಿನಿಂದ ಇಳಿಯಲೇ ಇಲ್ಲ. ಇನ್ನೊಂದು ದಿನವೂ ಹೋದರು, ಆಗಲೂ ಹಾಗೇ ತಿರುಗಿಸಿಕೊಂಡು ಬಂದರು. ನಗುತ್ತಿರುವವಳಿಗೆ ಹೇಗೆ ಹೇಳುವುದು ಎಂದು ನೆಪ ಹೂಡಿದರು. ಧೈರ್ಯವಿಲ್ಲದವನಿಗೆ ನೆಪಕ್ಕೇನು ಬರ!

ಕನ್ನಡ ರಾಜ್ಯೋತ್ಸವದ ದಿನ ಸ್ಮಾರಕದ ಅನಾವರಣ. ಗುಡ್ಡದ ಮೇಲೆ ಶಾಮಿಯಾನ, ಮೈಕು, ಹಿಂದೆ ಪುಳಿಯೋಗರೆ, ಕೇಸರಿಬಾತಿನ ಪಾತ್ರೆಗಳು. ಮುಂದಿನ ಸಾಲಿನಲ್ಲಿ ಈಶ್ವರಮ್ಮ ಹೊಸ ಸೀರೆ ಉಟ್ಟು ಕೂತಿದ್ದಳು. ಪಕ್ಕದಲ್ಲಿ ಮಗ ಕಾರ್ಖಾನೆಯಿಂದ ತಂದ ಹೊಸ ಹಾರೆಯೊಂದು. ಕಾರ್ಯಕ್ರಮ ಮುಗಿದ ಮೇಲೆ ನೆಡುವುದೆಂದು ಕುಂಕುಮ ಹಚ್ಚಿ ಸಿದ್ಧ ಮಾಡಿದ್ದಳು. ಪುಟ್ಟಯ್ಯ ಬಹಳ ಹಿಂದೆ, ಶಾಮಿಯಾನದ ಹೊರಗೆ ನಿಂತಿದ್ದ. ಹಳ್ಳಿಯ ಒಬ್ಬ ಹೋಗಿ, "ನೀನ್ಯಾಕೋ ಬಂದೆ ಇಲ್ಲಿಗೆ? ಇನ್ನೇನ್ ಕೀಳೋಕೆ?" ಎಂದು ಅವನ ಹೆಗಲು ಹಿಡಿದು ದೂಡಿದ. ವೇದಿಕೆಯ ಮೇಲಿದ್ದ ಮೇಷ್ಟ್ರು ಅದನ್ನು ಕಂಡರು.

ಅಧ್ಯಕ್ಷರ ಭಾಷಣ ಬಂತು. ಮೇಷ್ಟ್ರು ಬರೆದು ತಂದಿದ್ದನ್ನು ಜೇಬಿನಲ್ಲೇ ಬಿಟ್ಟು ಮೈಕು ಹಿಡಿದರು.

"ಅವನನ್ನ ಬಿಡ್ರಪ್ಪ. ಪುಟ್ಟಯ್ಯ ಹಾರೆ ಕದ್ದಿಲ್ಲ. ನಾನು ಕೀಳಿಸ್ದೆ. ಕುಂಕುಮ ಇದೆ ಅಂತ ಹೇಳಿದ್ರೂ ಕೀಳಿಸ್ದೆ. ಗುಜರಿಗೆ ಹಾಕಿ ಆ ದುಡ್ಡಲ್ಲಿ ಬೋಂಡ ತಿಂದೆ. ಆಮೇಲೆ ಆ ತಾಯಿ ಕೇಳಿದಾಗ ಸುಳ್ಳು ಹೇಳ್ದೆ. ನಾನು ತಪ್ಪಿತಸ್ಥ. ನನಗೆ ಕ್ಷಮೆ ಕೇಳೋ ಯೋಗ್ಯತೇನೂ ಇಲ್ಲ."

ಮೇಷ್ಟ್ರು ಬೈಗುಳಕ್ಕೆ ಕಾದು ನಿಂತರು. ಯಾರಾದರೂ ಒಂದು ಕಲ್ಲು ಎಸೆದಿದ್ದರೂ ಅವರಿಗೆ ಹಾಯೆನಿಸುತ್ತಿತ್ತು. ಆದರೆ ಯೋಗರಾಜ್ ಇದ್ದನಲ್ಲ, ನಿರೂಪಣೆಯ ಮೈಕು ಹಿಡಿದವನು. "ನೋಡಿ, ಎಂಥ ದೊಡ್ಡ ಮನಸ್ಸು ನಮ್ಮ ಮೇಷ್ಟ್ರುದು! ತಪ್ಪನ್ನು ಒಪ್ಪಿಕೊಳ್ಳೋಕೂ ದೊಡ್ಡತನ ಬೇಕು. ಜೋರಾದ ಚಪ್ಪಾಳೆ ಬರಲಿ!" ಎಂದ. ಚಪ್ಪಾಳೆ ಬಂತು. ದಾನಿಗಳು ಎದ್ದು ಬಂದು ಮೇಷ್ಟ್ರಿಗೆ ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಬೇಡ ಬೇಡ ಎಂದ ಅವರ ಮಾತು ಆ ಗಲಾಟೆಯಲ್ಲಿ ಯಾರಿಗೂ ಕೇಳಲಿಲ್ಲ.

ಈಶ್ವರಮ್ಮ ಚಪ್ಪಾಳೆ ತಟ್ಟಲಿಲ್ಲ. ನಿಧಾನಕ್ಕೆ ಎದ್ದು, ಪಕ್ಕದಲ್ಲಿದ್ದ ಹೊಸ ಹಾರೆಯನ್ನು ನೆಲಕ್ಕೆ ಮಲಗಿಸಿದಳು. ಜನರ ನಡುವೆ ಹಾದು ಹಿಂದಕ್ಕೆ ಹೋಗಿ ಪುಟ್ಟಯ್ಯನ ಮುಂದೆ ಕೈ ಮುಗಿದಳು. "ಮಣ್ಣು ತೂರಿಬಿಟ್ಟೆ ಕಣಪ್ಪ. ಮನಸ್ಸಲ್ಲಿಟ್ಕೋಬೇಡ" ಎಂದಳು. ಅವನು ಗಾಬರಿಯಾಗಿ ಅವಳ ಎರಡೂ ಕೈ ಹಿಡಿದುಕೊಂಡ.

ಅಲ್ಲಿಂದ ಅವಳು ನೇರ ಕರಿಕಲ್ಲಿನ ಹತ್ತಿರ ಬಂದಳು. ಮೇಷ್ಟ್ರು ವೇದಿಕೆ ಇಳಿದು ಓಡಿ ಬರುವಷ್ಟರಲ್ಲಿ ಸೆರಗಿನ ತುದಿಯಿಂದ ಹಣೆಯನ್ನು ಒರೆಸಿಕೊಂಡಾಗಿತ್ತು. ಸೊಸೆ 'ಅತ್ತೇ' ಎಂದು ಕೂಗಿದಳು. ಅವಳು ಅತ್ತ ತಿರುಗದೆ ಬಳೆಗಳನ್ನು ಒಂದೊಂದಾಗಿ ಕಳಚಿ ಕಲ್ಲಿನ ಬುಡದಲ್ಲಿಟ್ಟಳು. ಅಳಲಿಲ್ಲ. ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದ ಮೇಷ್ಟ್ರ ಕಡೆ ಆಮೇಲೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವರು ಬದುಕಿಕೊಳ್ಳುತ್ತಿದ್ದರು.

"ನಿಜ ಹೇಳಿದ್ದು ಒಳ್ಳೇದಾಯ್ತು ಮೇಷ್ಟ್ರೇ. ಪಾಪ, ಅವನ ಮಾನ ಉಳೀತು" ಎಂದಳು. "ಆದ್ರೆ ಮನೆ ಹತ್ರ ಬಂದು ನಂಗೊಬ್ಬಳಿಗೆ ಮೊದಲು ಹೇಳಬಾರದಾಗಿತ್ತಾ? ಗಂಡ ಹೋದ ಸುದ್ದೀನ ಯಾರಾದ್ರೂ ಮೈಕಲ್ಲಿ ಹೇಳ್ತಾರಾ?"